ಚೌಕಟ್ಟಿನಾಚೆ ಕುಳಿತವಳು

ಕಂತು ೭

“ಈ ಕೆಂಪು ವೃತ್ತದ ಒಳಗೆ ಪ್ರಶ್ನೆಯ ಗುರುತು ಹಾಕಿದ್ದು ಯಾರು? ನೀನಾ?”

ರಿನ್ಸಿ ಕಂಪ್ಯೂಟರ್ ಪರದೆಯ ಮೇಲೆ ಬೆರಳಿಟ್ಟು ಕೇಳಿದಳು. ಒಂಬತ್ತನೆಯ ಪುಟದ ಚಿತ್ರದ ಮೂಲೆಯಲ್ಲಿ ಅದು ಕುಂಕುಮದ ಬೊಟ್ಟಿನಷ್ಟೇ ಇತ್ತು.

“ನಾನಲ್ಲ ರಿನ್ಸಿಯಕ್ಕ. ಅದು ಸಾಫ್ಟ್‌ವೇರೇ ಹಾಕುದು,” ಎಂದಳು ಶಹನಾ. “ಈ ಚಿತ್ರ ಎಲ್ಲಿ ಹೋಯ್ತು ಅಂತ ನಮ್ಮನ್ನು ಕೇಳ್ತಾ ಉಂಟು.”

“ಹಾಗಾದರೆ ಸಾಫ್ಟ್‌ವೇರಿನದ್ದೂ ನನ್ನದೂ ಇವತ್ತು ಒಂದೇ ಕೆಲಸ. ಅದಕ್ಕೆ ಸಂಬಳ ಇಲ್ಲ, ನನಗೂ ಇಲ್ಲ.”

ಶಹನಾ ನಗಲಿಲ್ಲ. ನಗುವ ಸ್ಥಿತಿಯಲ್ಲಿ ಅವಳಿರಲಿಲ್ಲ. ನರ್ಸ್ ಸಿಸಿಲಿಯಮ್ಮನ ಅಭಿನಂದನ ಗ್ರಂಥಕ್ಕೆಂದು ಪುತ್ತೂರಿನ ಈ ಪ್ರೆಸ್ಸಿಗೆ ಬಂದಿದ್ದ ಹಳೆಯ ಫೋಟೋಗಳಲ್ಲಿ ಒಂದು ಕಾಣೆಯಾಗಿತ್ತು, ಅದರ ಸ್ಕ್ಯಾನ್ ಕೂಡ ಕಂಪ್ಯೂಟರಿನಿಂದ ಅಳಿಸಿಹೋಗಿತ್ತು, ಪುಟ ಕಟ್ಟುವ ಶಹನಾಳೇ ಕದ್ದವಳೆಂದು ಗ್ರಂಥ ಸಮಿತಿಯ ಅಧ್ಯಕ್ಷ ಜೈಸನ್ ತೀರ್ಮಾನ ಕೊಟ್ಟುಬಿಟ್ಟಿದ್ದ.

ಕುರ್ಚಿ ಅವಳದು, ಕಂಪ್ಯೂಟರ್ ಅವಳದು, ಫೋಟೋಗಳ ಲಕೋಟೆ ಇದ್ದ ಡ್ರಾಯರ್ ಅವಳದು. ಇನ್ನೇನು ಬೇಕು ಎಂದು ಅವನ ವಾದ. ಊಟ ಮುಗಿಸಿ ಪ್ರೆಸ್ಸಿಗೆ ಬರುತ್ತೇನೆ, ಅಷ್ಟರೊಳಗೆ ಫೋಟೋ ಸಿಗದಿದ್ದರೆ ನೇರ ಠಾಣೆಗೆ ಎಂದು ಫೋನಿನಲ್ಲಿ ಗುಡುಗಿದ್ದ. ಪೊಲೀಸರು ಪ್ರೆಸ್ಸಿನ ಮೆಟ್ಟಿಲು ಹತ್ತಿದರೆ ನಾಳೆಯಿಂದ ನೀನು ಬರುವುದು ಬೇಡಮ್ಮ ಎಂದು ಮಾಲೀಕ ಮುರಳಿಕೃಷ್ಣರೂ ಮೆಲ್ಲಗೆ ಹೇಳಿಯಾಗಿತ್ತು. ಕಳ್ಳಿ ಎಂಬ ಹೆಸರು ಹೊತ್ತು ಸುಳ್ಯದ ಬಸ್ಸು ಹತ್ತುವುದು ಹೇಗೆ ಎಂದು ಆ ಹುಡುಗಿ ಬೆಳಗ್ಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು.

ರಿನ್ಸಿಯದು ಸಾಮಾನ್ಯವಾಗಿ ಮದುವೆ ವಿಚಾರಣೆಯ ಕಸುಬು. ಹುಡುಗ ಕುಡಿಯುತ್ತಾನೋ, ಹುಡುಗಿಯ ಮನೆಯಲ್ಲಿ ಜಗಳ ಉಂಟೋ, ದುಬೈಯ ಕೆಲಸ ನಿಜವಾಗಿಯೂ ದುಬೈಯಲ್ಲೇ ಉಂಟೋ ಎಂದು ಕಡಬದಿಂದ ಸುಳ್ಯದವರೆಗೆ ಸ್ಕೂಟರಿನಲ್ಲಿ ತಿರುಗಿ ಪತ್ತೆ ಮಾಡಿಕೊಡುತ್ತಾಳೆ. ಅವಳಿಂದ ಮುರಿದ ಮದುವೆಗಳು ಎಷ್ಟೋ, ಉಳಿದ ಹೆಣ್ಣುಮಕ್ಕಳು ಅಷ್ಟೇ ಎಂದು ಅವಳೇ ಹೇಳಿಕೊಂಡು ತಿರುಗುವುದುಂಟು. ಈ ಕೇಸು ಮಾತ್ರ ಅವಳು ಬಾಯಿ ಮುಚ್ಚಿ ಒಪ್ಪಿಕೊಂಡದ್ದು. ಕೇಳಿದವರು ಇಚಿಲಂಪಾಡಿಯ ಸಿಸಿಲಿಯಮ್ಮ. ಕಾಲು ಮುಂದಾಗಿ ಭೂಮಿಗೆ ಬರಲು ಹೊರಟಿದ್ದ ರಿನ್ಸಿಯನ್ನು ಸರಿಯಾಗಿ ತಿರುಗಿಸಿ ಈ ಲೋಕಕ್ಕೆ ಇಳಿಸಿದ ಕೈ ಅದು.

“ಆ ಹುಡುಗಿ ತೆಗೆದದ್ದಲ್ಲ ಮೋಳೇ. ಅಷ್ಟು ತೋರಿಸಿಕೊಡು, ಸಾಕು,” ಎಂದು ಮಗಳನ್ನು ಕರೆಯುವ ಹಾಗೆ ಕರೆದು ಹೇಳಿದ್ದರು ಸಿಸಿಲಿಯಮ್ಮ. ಫೀಸಿನ ಬದಲು ಒಂದು ಭರಣಿ ತುಂಬ ಬೆಲ್ಲದಲ್ಲಿ ಕಾಯಿಸಿದ ಹಲಸಿನ ವರಟ್ಟಿ ಕೊಟ್ಟಿದ್ದರು. ಅದರಲ್ಲಿ ಅರ್ಧ ಈಗಾಗಲೇ ಖಾಲಿಯಾಗಿದ್ದರಿಂದ ಹಿಂದೆ ಸರಿಯುವ ಮಾತೇ ಇರಲಿಲ್ಲ.

“ಚಿತ್ರ ಇಲ್ಲೇ ಕಾಣ್ತದಲ್ಲ,” ಎಂದಳು ರಿನ್ಸಿ. “ಕಣ್ಣೆದುರು ಇರುವುದನ್ನು ಎಲ್ಲಿ ಅಂತ ಕೇಳುದು ಯಾಕೆ?”

“ಕಾಣುದು ಮಾತ್ರ ಅಕ್ಕ. ಚಿತ್ರ ಪುಟದ ಒಳಗೆ ಇರುದಿಲ್ಲ. ಯಾವ ಫೋಲ್ಡರಿನಲ್ಲಿ ಉಂಟು ಅಂತ ಪುಟ ನೆನಪಿಟ್ಟುಕೊಳ್ತದೆ, ಅಷ್ಟೆ. ಪ್ರಿಂಟಿಗೆ ಕಳಿಸುವಾಗ ಅಲ್ಲಿಂದ ಎಳೆದುಕೊಳ್ತದೆ. ಈಗ ನೋಡುದು ಬರೀ ಅದರ ನೆರಳು. ಹೀಗೆಯೇ ಪ್ರಿಂಟ್ ಹೊಡೆದರೆ ಒದ್ದೆ ಕೈಯಲ್ಲಿ ಒರೆಸಿದ ಹಾಗೆ ಬರ್ತದೆ.”

“ಮೂಲ ಫೈಲು ಅಳಿಸಿದರೆ?”

“ಪಿಡಿಎಫ್ ಮಾಡುವಾಗ ಸಾಫ್ಟ್‌ವೇರು ಬೊಬ್ಬೆ ಹಾಕ್ತದೆ. ಹಾಗೆ ಹಾಕಿದ್ದಕ್ಕೇ ನಿನ್ನೆ ನಮಗೆ ಗೊತ್ತಾದದ್ದು.”

ರಿನ್ಸಿ ಸ್ಟೂಲಿನ ಮೇಲೆ ನೆಟ್ಟಗೆ ಕುಳಿತಳು. ಡಿಟಿಪಿ ಮಾಡುವವರ ಪಕ್ಕದ ಈ ಸ್ಟೂಲು ಬಹಳ ಅಧಿಕಾರದ ಜಾಗ. ಮೌಸ್ ಹಿಡಿಯಲು ಬಾರದವರೂ ಅದರ ಮೇಲೆ ಕುಳಿತ ಕೂಡಲೇ ‘ಸ್ವಲ್ಪ ದೊಡ್ಡ ಮಾಡಿ, ಇನ್ನೂ ಸ್ವಲ್ಪ ಆಚೆ, ಆ ಬಣ್ಣ ಬೇಡ’ ಎಂದು ಆಜ್ಞೆ ಕೊಡಲು ಶುರುಮಾಡುತ್ತಾರೆ. ಪುತ್ತೂರು ಪೇಟೆಯ ಯಾವ ಪ್ರೆಸ್ಸಿಗೆ ಹೋದರೂ ಮದುವೆ ಕಾಗದದ ನಿಜವಾದ ಕರ್ತೃ ಸ್ಟೂಲಿನ ಮೇಲಿರುತ್ತಾನೆ.

“ಕೇಳು ಶಹನಾ. ನೀನು ಕದಿಯುವವಳಾಗಿದ್ದರೆ ಫೈಲು ಅಳಿಸುತ್ತಿದ್ದಿಯಾ?”

“ಅಳಿಸಿದರೆ ಸಿಕ್ಕಿಬೀಳ್ತೇನೆ ಅಂತ ಗೊತ್ತುಂಟಲ್ಲ ನನಗೆ!”

“ಅದೇ. ಪುಟದಲ್ಲಿ ಕಾಣುವುದೆಲ್ಲ ಪುಟದೊಳಗೇ ಉಂಟು, ಮೂಲ ಹೋದರೂ ಪುಸ್ತಕ ಚೆಂದ ಬರ್ತದೆ, ಯಾರಿಗೂ ಗೊತ್ತಾಗುದಿಲ್ಲ ಅಂತ ಎಣಿಸಿದವನ ಕೆಲಸ ಇದು. ಇದು ಸ್ಟೂಲಿನವರ ತಪ್ಪು ಮಾರಾಯ್ತಿ. ಕುರ್ಚಿಯವರದ್ದಲ್ಲ.”

ಶಹನಾ ಮೊದಲ ಬಾರಿಗೆ ತಲೆ ಎತ್ತಿ ನೋಡಿದಳು. ಬೆಳಗ್ಗಿನಿಂದ ಅವಳ ಪರವಾಗಿ ಯಾರೂ ಒಂದು ವಾಕ್ಯ ಹೇಳಿರಲಿಲ್ಲ.

ಈ ವಾರ ಆ ಸ್ಟೂಲಿನ ಮೇಲೆ ಕುಳಿತವರು ಮೂವರು. ಅಧ್ಯಕ್ಷ ಜೈಸನ್, ಅವನ ಚಿಕ್ಕಪ್ಪನ ಮಗ ಮತ್ತು ಸಮಿತಿಯ ಕಾರ್ಯದರ್ಶಿ ಸೋಜನ್, ಕರಡು ತಿದ್ದಲು ಬರುತ್ತಿದ್ದ ಕನ್ನಡ ಉಪನ್ಯಾಸಕಿ ತನ್ಮಯೀ. ಯಾರು ಯಾವ ದಿನ, ಯಾವ ಹೊತ್ತಿಗೆ ಬಂದಿದ್ದರೆಂದು ಮುರಳಿಕೃಷ್ಣರಿಂದ ಕೇಳಿಕೊಂಡು ಮೂವರನ್ನೂ ರಿನ್ಸಿ ಕರೆಸಿದ್ದಳು. ತನ್ಮಯೀ ಕಾಲೇಜು ಬಿಟ್ಟು ಬರಲಾಗದು, ಅಲ್ಪವಿರಾಮ ಬಿಟ್ಟು ಬೇರೇನೂ ತಾನು ತೆಗೆದಿಲ್ಲ ಎಂದು ಹೇಳಿ ಕಳಿಸಿದ್ದರು. ಉಳಿದಿಬ್ಬರು ಬರುವ ಹೊತ್ತಿಗೆ ಕೈಯಲ್ಲಿ ಏನಾದರೂ ಇರಬೇಕಿತ್ತು. ಸ್ಟೂಲು-ಕುರ್ಚಿಯ ತರ್ಕ ಕೇಳಿ ಜೈಸನ್ ಸುಮ್ಮನಾಗುವ ಜಾತಿಯವನಲ್ಲ.

ರಿನ್ಸಿ ಮತ್ತೆ ಚಿತ್ರ ನೋಡಿದಳು. ಹೆರಿಗೆ ಕೋಣೆಯ ಜಗಲಿ, ಬಿಳಿ ಸೀರೆಯ ಯುವತಿ ಸಿಸಿಲಿ, ಅವರ ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಕೂಸು. ಕೆಳಗೆ ಅಡಿಬರಹ: ‘ಸಿಸಿಲಿಯಮ್ಮನ ಕೈಯಲ್ಲಿ ಹಸುಗೂಸು ಜೈಸನ್.’

ಸಿಸಿಲಿಯಮ್ಮ ನಗುತ್ತಿದ್ದರು. ಆದರೆ ನೋಟ ಕ್ಯಾಮೆರಾದ ಕಡೆಗಿರಲಿಲ್ಲ, ಕೂಸಿನ ಕಡೆಗೂ ಇರಲಿಲ್ಲ. ಬಲಕ್ಕೆ, ಕೆಳಗೆ, ಚಿತ್ರದ ಅಂಚಿನಾಚೆ ಯಾರನ್ನೋ ನೋಡಿ ನಗುತ್ತಿದ್ದರು.

“ಇವರು ನಗುದು ಯಾರನ್ನು ನೋಡಿ?”

“ಗೊತ್ತಿಲ್ಲ ಅಕ್ಕ. ನಾನು ಮೊದಲು ಚೌಕಟ್ಟು ಹಾಕಿ ಅದರೊಳಗೆ ಚಿತ್ರ ಕೂರಿಸುದು. ಒಳಗೆ ಎಷ್ಟು ಹಿಡಿಸ್ತದೋ ಅಷ್ಟೇ ಕಾಣುದು. ಅಮ್ಮ ಮತ್ತು ಮಗು ಬಂದರೆ ಸಾಕು ಅಂತ ಸೋಜನಣ್ಣ ಹೇಳಿದರು, ನಾನು ಮುಂದಿನ ಪುಟಕ್ಕೆ ಹೋದೆ.”

“ಹಿಡಿಸದೆ ಉಳಿದದ್ದು?”

“ಚೌಕಟ್ಟಿನ ಅಡಿಯಲ್ಲಿ ಇರ್ತದೆ. ಕತ್ತರಿಸಿ ಹೋಗುದಿಲ್ಲ.” ಹೇಳುತ್ತ ಹೇಳುತ್ತ ಶಹನಾಳ ಕೈ ಮೌಸಿನ ಮೇಲೆ ನಿಂತಿತು. “ಯಾ ಅಲ್ಲಾ! ನೆರಳಿನಲ್ಲೂ ಇರ್ತದೆ!”

ಅವಳು ಚೌಕಟ್ಟಿನ ಬಲ ಅಂಚನ್ನು ಹಿಡಿದು ಮೆಲ್ಲಗೆ ಎಳೆದಳು. ಕಿಟಕಿಯ ಪರದೆ ಸರಿಸಿದ ಹಾಗೆ ಜಗಲಿ ಅಗಲವಾಯಿತು. ಒಂದು ಬೆಂಚು ಬಂತು. ಬೆಂಚಿನ ಮೇಲೆ ತಲೆಗೆ ಬಟ್ಟೆ ಹೊದ್ದ ಒಬ್ಬ ಹೆಂಗಸು ಬಂದಳು. ಅವಳ ಮಡಿಲಲ್ಲಿ ಇನ್ನೊಂದು ಕೂಸು.

ಚಿತ್ರವನ್ನು ದೊಡ್ಡದು ಮಾಡಿದರೆ ಮುಖ ಬರೀ ಕಲೆಯಂತೆ ಹರಡಿಹೋಗುತ್ತಿತ್ತು. ಮೂಗು ಎಲ್ಲಿ, ಬಾಯಿ ಎಲ್ಲಿ ಎಂದೇ ತಿಳಿಯುವಂತಿರಲಿಲ್ಲ.

“ಸ್ಕ್ಯಾನ್ ಮಾಡಿದವರು ನೀವಲ್ವಾ ಮುರಳಿಯಣ್ಣ? ಯಾರಿವರು?” ಎಂದು ರಿನ್ಸಿ ಆಚೆ ಮೇಜಿನಲ್ಲಿದ್ದ ಮಾಲೀಕರನ್ನು ಕೇಳಿದಳು.

ಮುರಳಿಕೃಷ್ಣರು ಕನ್ನಡಕ ಹಣೆಗೇರಿಸಿದರು. “ನಾನು ಮುಖ ನೋಡುದಿಲ್ಲ ಮಾರಾಯ್ರೆ. ಧೂಳು ಉಂಟಾ, ಗೀರು ಉಂಟಾ, ಅಷ್ಟೇ ನೋಡುದು. ಒಂದು ರಾಶಿ ಫೋಟೋ ಅಲ್ವಾ ಅದು!”

“ಈ ಫೈಲನ್ನು ಹೊರಗೆ ಎಲ್ಲಿಗಾದರೂ ಕಳಿಸಿದ್ದುಂಟಾ? ಯಾರಿಗಾದರೂ, ಯಾವುದಕ್ಕಾದರೂ?”

“ಪಿಡಿಎಫ್ಫೇ ಆಗದ ಮೇಲೆ ಕಳಿಸುದು ಎಂತದನ್ನು...” ಎನ್ನುತ್ತಿದ್ದ ಶಹನಾ ಅರ್ಧಕ್ಕೆ ನಿಂತಳು. “ಸೋಮವಾರ! ಅಕ್ಷರ ಒಡೆಯುತ್ತದಾ ನೋಡ್ಲಿಕ್ಕೆ!”

ಕನ್ನಡದ ಒತ್ತಕ್ಷರಗಳಿಗೆ ಪಯಣ ಆಗಿ ಬರುವುದಿಲ್ಲ. ಪುತ್ತೂರಿನ ಕಂಪ್ಯೂಟರಿನಲ್ಲಿ ನೆಟ್ಟಗೆ ಕುಳಿತ ‘ಕೃತಜ್ಞತೆ’ ಮಂಗಳೂರು ಮುಟ್ಟುವಷ್ಟರಲ್ಲಿ ಕೈ ಕಾಲು ಬೇರೆಯಾಗಿ ಬಿದ್ದಿರುತ್ತದೆ. ಅದಕ್ಕಾಗಿ ಹೊಸ ಫಾಂಟ್ ಬಳಸಿದಾಗಲೆಲ್ಲ ಮೊದಲ ಹದಿನಾರು ಪುಟಗಳನ್ನು ಮಂಗಳೂರಿನಲ್ಲಿ ಅಚ್ಚಿನ ಪ್ಲೇಟ್ ಮಾಡುವವರಿಗೆ ಕಳಿಸಿ ಪರೀಕ್ಷೆ ಮಾಡಿಸುವುದು ಶಹನಾಳ ರೂಢಿ. ಬರೀ ಪುಟವಲ್ಲ, ಫಾಂಟು ಮತ್ತು ಚಿತ್ರಗಳು ಎಲ್ಲವನ್ನೂ ಒಂದು ಫೋಲ್ಡರಿಗೆ ಕಟ್ಟಿ ಕಳಿಸುತ್ತಾಳೆ. ಬುತ್ತಿ ಕಟ್ಟಿದ ಹಾಗೆ. ಹೆದರಿಕೆಯಲ್ಲಿ ಅದು ಅವಳಿಗೇ ಮರೆತುಹೋಗಿತ್ತು.

ಮುರಳಿಕೃಷ್ಣರು ಮಂಗಳೂರಿಗೆ ಫೋನು ಹಚ್ಚಿದರು. ಫೋಲ್ಡರು ಅಲ್ಲೇ ಇತ್ತು. ಅಳಿಸಬೇಕೆಂದು ಮಾಡಿದ್ದೆ, ಸೋಮಾರಿತನದಿಂದ ಉಳಿಯಿತು ಎಂದ ಅಲ್ಲಿಯವನು. ಆ ಸೋಮಾರಿತನಕ್ಕೆ ರಿನ್ಸಿ ಮನಸ್ಸಿನಲ್ಲೇ ಕೈ ಮುಗಿದಳು. ಚಿತ್ರ ದೊಡ್ಡದು, ಕಳಿಸಲು ಸ್ವಲ್ಪ ಹೊತ್ತಾಗುತ್ತದೆ ಎಂಬ ಉತ್ತರ ಬರುವುದಕ್ಕೂ ಹೊರಗೆ ಜೀಪು ನಿಲ್ಲುವುದಕ್ಕೂ ಸರಿಹೋಯಿತು.

ಜೈಸನ್ ಒಳಗೆ ಬಂದ. ರಬ್ಬರ್ ತೋಟದ ಯಜಮಾನ, ಕಡಬದ ಕಡೆ ಒಳ್ಳೆಯ ಹೆಸರಿನವನು, ದುಡುಕು ಮಾತ್ರ ಜಾಸ್ತಿ. ಹಿಂದೆ ಸೋಜನ್, ಗಾಳಿಗೂ ದಾರಿ ಬಿಡುವಂಥ ಮೆತ್ತಗಿನ ಹುಡುಗ.

“ಸಿಕ್ಕಿತಾ?” ಕುಳಿತುಕೊಳ್ಳದೆಯೇ ಕೇಳಿದ ಜೈಸನ್. “ಇಲ್ಲಾಂದ್ರೆ ಹೇಳಿಬಿಡಿ, ನಾನು ಸ್ಟೇಷನ್ನಿಗೆ ಹೋಗ್ತೇನೆ. ಆ ಅಮ್ಮ ಇಲ್ಲದಿದ್ರೆ ನಾನು ಈ ಭೂಮಿ ಮೇಲೆ ಇರ್ತಾ ಇರಲಿಲ್ಲ. ಅವರ ಫೋಟೋ ಕದ್ದವರನ್ನು ಸುಮ್ಮನೆ ಬಿಡುದಾ?”

ಶಹನಾ ಕುರ್ಚಿಯಲ್ಲೇ ಮುದುಡಿದಳು.

“ಫೋಟೋ ಸಿಗಲಿಲ್ಲ,” ಎಂದಳು ರಿನ್ಸಿ. “ಆದರೆ ಅದರ ಪೂರ್ತಿ ಸ್ಕ್ಯಾನ್ ಮಂಗಳೂರಿನಲ್ಲಿ ಸಿಕ್ಕಿದೆ. ಈಗ ಬರ್ತಾ ಉಂಟು. ಅಂಚಿನಿಂದ ಅಂಚಿಗೆ, ಎಲ್ಲವೂ.”

ಹೇಳಿ ಅವಳು ಇಬ್ಬರ ಮುಖವನ್ನೂ ನೋಡಿದಳು. ಮದುವೆ ವಿಚಾರಣೆ ಅವಳಿಗೆ ಕಲಿಸಿದ ಪಾಠ ಇಷ್ಟೇ. ಸುದ್ದಿ ಹೇಳುವಾಗ ಸುದ್ದಿಯನ್ನು ನೋಡಬಾರದು, ಕೇಳುವವರನ್ನು ನೋಡಬೇಕು.

ಜೈಸನ್ ಉಸಿರು ಬಿಟ್ಟು ಕುಳಿತ. “ದೇವರು ದೊಡ್ಡವನು! ಅಷ್ಟಾದರೆ ಪುಸ್ತಕ ಆದೀತು.”

ಸೋಜನ್ ಅಣ್ಣನ ಹತ್ತಿರ ಬಂದ. “ಅದು ಬೇಡ ಚೇಟಾ. ಆ ಪುಟಕ್ಕೆ ಬೇರೆ ಚಿತ್ರ ಹಾಕುವ. ಸನ್ಮಾನದ್ದು ಉಂಟಲ್ಲ, ಒಳ್ಳೇದುಂಟು.”

“ಕಳೆದದ್ದು ಸಿಕ್ಕಿದೆ ಅಂದ ಮೇಲೆ ಯಾಕೋ ಬೇಡ?”

“ಸುಮ್ಮನೆ... ತಡ ಆಗ್ತದೆ.”

“ಸೋಜನ್,” ರಿನ್ಸಿ ಸ್ಟೂಲಿನಿಂದ ಎದ್ದು ಅದನ್ನು ಅವನ ಕಡೆ ಸರಿಸಿದಳು. “ಇಲ್ಲಿ ಕೂತ್ಕೋ. ಮಂಗಳವಾರ ಶಹನಾ ಊಟಕ್ಕೆ ಹೋದಾಗ ಕೂತಿದ್ದಿಯಲ್ಲ, ಹಾಗೇ.”

“ನಾನು ಕೂರಲಿಲ್ಲ.”

“ಕೂತಿದ್ದೆಯಪ್ಪ,” ಎಂದರು ಮುರಳಿಕೃಷ್ಣರು, ಯಾರಿಗೂ ನೋವಾಗಬಾರದೆಂಬ ದನಿಯಲ್ಲಿ. “ನಾನೇ ನಿನಗೆ ಚಾ ತಂದುಕೊಟ್ಟದ್ದಲ್ವಾ?”

“ಕಳೆದ ವಸ್ತು ಸಿಕ್ಕಿತು ಅಂದರೆ ಎಲ್ಲರಿಗೂ ಖುಷಿಯಾಗ್ತದೆ,” ಎಂದಳು ರಿನ್ಸಿ. “ಅದು ಸಿಕ್ಕಬಾರದಿತ್ತು ಅಂತ ಇರುವವನಿಗೆ ಮಾತ್ರ ಆಗುದಿಲ್ಲ. ನಾನು ಬೈಯುದಿಲ್ಲ ಸೋಜನ್. ಆದರೆ ಈ ಹುಡುಗಿಯನ್ನು ಒಮ್ಮೆ ನೋಡು. ನಿನ್ನ ಕೆಲಸಕ್ಕೆ ಇವಳು ಠಾಣೆಗೆ ಹೋಗ್ಬೇಕಾ?”

ಸೋಜನ್ ನೋಡಿದ. ನೋಡಿದ ಮೇಲೆ ಅವನ ಕೈಯಲ್ಲಿ ಆಗಲಿಲ್ಲ. ಸ್ಟೂಲಿನ ಮೇಲೆ ಕುಸಿದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

“ನಾನೇ ತೆಗೆದದ್ದು. ಫೈಲು ಅಳಿಸಿದ್ದೂ ನಾನೇ.”

“ಏಯ್!” ಜೈಸನ್ ಎದ್ದ. “ನಿನಗೆಂತ ಮರುಳಾ? ಯಾಕೋ?”

“ಅಮ್ಮಚ್ಚಿ ಹೇಳಿದ್ದು ಚೇಟಾ.”

ಜೈಸನ್‌ನ ತಾಯಿ ಏಲಿಕುಟ್ಟಿ. ಗಂಡ ಪತ್ರೋಸರು ತೀರಿಕೊಂಡ ಮೇಲೆ ಇಡೀ ತೋಟವನ್ನು ಒಬ್ಬರೇ ನಡೆಸಿದ ಗಟ್ಟಿ ಹೆಂಗಸು.

“ಸೋಮವಾರ ಸಂಜೆ ಪುಟದ ಕರಡು ಕೊಂಡುಹೋಗಿ ತೋರಿಸಿದೆ,” ಎಂದ ಸೋಜನ್. “ಖುಷಿಪಡ್ತಾರೆ ಅಂತ ಎಣಿಸಿದ್ದೆ. ಅವರು ಕರಡನ್ನು ಮಡಚಿ ಬದಿಗಿಟ್ರು. ‘ಈ ಫೋಟೋ ನನಗೆ ತಂದುಕೊಡು, ಬೇರೆಲ್ಲೂ ಇರಬಾರದು, ಜೈಸನಿಗೆ ಹೇಳಬಾರದು’ ಅಂದ್ರು. ಯಾಕೆ ಅಂತ ನಾನು ಕೇಳಲಿಲ್ಲ. ಅಪ್ಪ ಸತ್ತ ಮೇಲೆ ನಾನು ತಿಂದದ್ದು ಅವರ ಕೈಯ ಅನ್ನ. ಅವರು ಒಂದು ಕೇಳಿದ್ದಕ್ಕೆ ಇಲ್ಲ ಅನ್ನುದು ಹೇಗೆ? ಶಹನಾ ಮೇಲೆ ಬರ್ತದೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಬಾಯಿ ಬರಲಿಲ್ಲ.”

ರಿನ್ಸಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಿಸಿಲಿಯಮ್ಮ ಕೇಳಿದರೆಂದು ಅವಳು ಕೂಡ ಏನೂ ಕೇಳದೆ ಹೊರಟು ಬಂದವಳೇ. ಋಣ ಎನ್ನುವುದು ಮನುಷ್ಯನಿಂದ ಒಳ್ಳೆಯದನ್ನೂ ಮಾಡಿಸುತ್ತದೆ, ಇಂಥದ್ದನ್ನೂ ಮಾಡಿಸುತ್ತದೆ.

ಅಷ್ಟರಲ್ಲಿ ಕಂಪ್ಯೂಟರ್ ಟಿಣ್ ಎಂದಿತು.

ಶಹನಾ ಫೋಲ್ಡರ್ ತೆರೆದಳು. ಪುಟಕ್ಕೆ ಹೊಸ ದಾರಿ ತೋರಿಸಿಕೊಟ್ಟಳು. ಕೆಂಪು ಪ್ರಶ್ನೆ ಮಾಯವಾಯಿತು. ಚಿತ್ರ ಒಮ್ಮೆ ಕದಲಿ ಸ್ವಚ್ಛವಾಯಿತು. ಜಗಲಿಯ ಗಾರೆಯ ಬಿರುಕು, ಬೆಂಚಿನ ಮೊಳೆ, ಸಿಸಿಲಿಯಮ್ಮನ ನಗುವಿನ ಸಂದಿನ ಹಲ್ಲು, ಗೀಟುಗೀಟಿನ ಒಂದೇ ಬಟ್ಟೆಯನ್ನು ಹರಿದು ಸುತ್ತಿದ ಎರಡು ಕೂಸುಗಳು, ಎಲ್ಲ ಎದ್ದು ಬಂತು. ಕೊನೆಗೆ ಬೆಂಚಿನ ಮೇಲಿನ ಹೆಂಗಸಿನ ಮುಖ. ಚಿಕ್ಕ ಪ್ರಾಯ, ದಣಿದ ಕಣ್ಣು, ತುಂಬು ನಗು.

“ಉಮ್ಮ,” ಎಂದಳು ಶಹನಾ.

ಯಾರಿಗೂ ಕೂಡಲೇ ಅರ್ಥವಾಗಲಿಲ್ಲ.

“ಇದು ನನ್ನ ಉಮ್ಮ. ಪಾತುಮ್ಮ.” ಅವಳು ತಾಯಿಯ ಮುಖದ ಮೇಲೆ ಬೆರಳಿಟ್ಟಳು. “ಉಮ್ಮನ ತಾಯಿಮನೆ ಆಲಂಕಾರು. ಮೊದಲ ಬಾಣಂತನ ಸಿಸಿಲಿಯಮ್ಮನ ಹತ್ರವೇ ಅಂತೆ. ಕಡಬದ ಬಸ್ಸಿನಲ್ಲಿ ಹೋಗುವಾಗೆಲ್ಲ ‘ಇಲ್ಲಿ ನನಗೊಬ್ಬ ಮಗ ಇದ್ದಾನೆ’ ಅಂತ ಹೇಳುದುಂಟು. ತಮಾಷೆಗೆ ಅಂತ ನಾನು ನಗಾಡಿದ್ದು.”

“ಮಗ ಅಂದ್ರೆ?” ಜೈಸನ್ ಕೇಳಿದ.

“ಹಾಲು ಕೊಟ್ಟ ಮಗ. ಆ ಮಗುವಿನ ತಾಯಿಗೆ ಜ್ವರ ಏರಿ ಎಚ್ಚರ ತಪ್ಪಿತಂತೆ, ಮಂಗಳೂರಿಗೆ ಕೊಂಡುಹೋದರಂತೆ. ಮಗು ಇಲ್ಲೇ ಉಳಿಯಿತಂತೆ. ಸಿನಾನ್, ಈಗ ಹೊರಗೆ ದುಡಿಯುವ ನನ್ನ ಅಣ್ಣ, ಅವನೂ ಆಗ ಹುಟ್ಟಿ ಎರಡು ದಿನ ಆಗಿತ್ತಷ್ಟೆ. ಉಮ್ಮ ಎರಡು ಮಕ್ಕಳನ್ನೂ ಹಾಕಿಕೊಂಡು ಮಲಗಿದ್ರಂತೆ, ಆ ತಾಯಿ ವಾಪಸ್ಸು ಬರುವವರೆಗೆ. ನಮ್ಮಲ್ಲಿ ಹಾಲು ಕೊಟ್ಟರೆ ಮಗನೇ.”

ಜೈಸನ್ ಪರದೆಯ ಹತ್ತಿರ ಬಂದ. ಈ ಗ್ರಂಥದಲ್ಲಿ ಅವನದೇ ಒಂದು ಲೇಖನವಿತ್ತು. ಹೆತ್ತವಳು ಪ್ರಜ್ಞೆಯಿಲ್ಲದೆ ಮಲಗಿದ್ದಾಗ ಹಸುವಿನ ಹಾಲು ಕುಡಿಸಿ ತನ್ನನ್ನು ಬದುಕಿಸಿದವರು ಸಿಸಿಲಿಯಮ್ಮ ಎಂದು ಬರೆದು, ಬರೆಯುವಾಗ ಅತ್ತಿದ್ದ.

“ಹಸುವಿನ ಹಾಲು ಅಂತ ಹೇಳಿದ್ರು ನನಗೆ,” ಎಂದ. “ಇಷ್ಟು ವರ್ಷ ಯಾರಿಗೆ ಥ್ಯಾಂಕ್ಸ್ ಹೇಳಬೇಕಿತ್ತೋ ಅವರ ಹೆಸರೇ ಗೊತ್ತಿರಲಿಲ್ಲ ನನಗೆ.”

ಅವನು ಶಹನಾಳ ಕಡೆ ತಿರುಗಿದ. ದೊಡ್ಡ ಮನುಷ್ಯನ ಮುಖ ಚಿಕ್ಕ ಹುಡುಗನದಾಗಿತ್ತು.

“ನಿನ್ನನ್ನು ಕಳ್ಳಿ ಅಂದೆನಲ್ಲ. ಆ ಬಾಯಿಗೆ ಹುಳ ಬೀಳಲಿ. ತಪ್ಪಾಯ್ತು ತಂಗಿ.”

ಎಲ್ಲರೆದುರು ಎರಡೂ ಕೈ ಜೋಡಿಸಿದ. ಶಹನಾ ಗಾಬರಿಯಿಂದ ಎದ್ದು “ಅಯ್ಯೋ ಬೇಡ, ಬೇಡ ಅಣ್ಣ,” ಎಂದು ಅಳುತ್ತ ನಕ್ಕಳು. ಮುರಳಿಕೃಷ್ಣರು ಕನ್ನಡಕ ಒರೆಸುವ ನೆಪದಲ್ಲಿ ಕಣ್ಣೊರೆಸಿಕೊಂಡು, ನಾಳೆಯಿಂದ ಅಲ್ಲ, ಈಗಲೇ ಪುಟ ಸರಿಮಾಡಲು ಕೂರಬೇಕಮ್ಮ ಎಂದರು.

“ಚಿತ್ರ ಇಡೀ ಬರಲಿ,” ಎಂದ ಜೈಸನ್. “ಎರಡು ಪುಟ ಹೋದರೂ ಹೋಗಲಿ. ನನ್ನ ಲೇಖನ ತೆಗೆದು ಬಿಸಾಡಿ, ಹೊಸತು ಬರೆದುಕೊಡ್ತೇನೆ. ಪಾತುಮ್ಮ ಉಮ್ಮನನ್ನು ಸಮಾರಂಭಕ್ಕೆ ನಾನೇ ಸುಳ್ಯಕ್ಕೆ ಹೋಗಿ ಕರೆದುಕೊಂಡು ಬರ್ತೇನೆ.”

ರಿನ್ಸಿಯ ಎದೆ ತುಂಬಿ ಬಂತು. ಇಚಿಲಂಪಾಡಿಗೆ ಫೋನು ಮಾಡಿ ‘ತೋರಿಸಿಕೊಟ್ಟೆ ಅಮ್ಮ’ ಎನ್ನಬೇಕೆನಿಸಿತು. ಒಂದು ಮಾತು ಮಾತ್ರ ಒಳಗೆ ಕುಟುಕುತ್ತಿತ್ತು. ಇದು ಹೆಮ್ಮೆಯಿಂದ ಹೇಳಿಕೊಳ್ಳುವ ಉಪಕಾರ. ಇದನ್ನು ಏಲಿಕುಟ್ಟಿ ಬಚ್ಚಿಡಲು ಹೊರಟದ್ದೇಕೆ? ಕರಡಿನಲ್ಲಿ ಅವರು ಕಂಡದ್ದು ಸಿಸಿಲಿಯಮ್ಮ ಮತ್ತು ಒಂದು ಕೂಸು ಮಾತ್ರವಲ್ಲವೇ?

“ಸೋಜನ್, ಅಮ್ಮಚ್ಚಿ ಈಗ ಎಲ್ಲಿದ್ದಾರೆ?”

“ಬೆಳಿಗ್ಗೆಯೇ ರಿಕ್ಷಾ ಮಾಡಿ ಹೋದ್ರು. ಎಲ್ಲಿಗೆ ಅಂತ ಹೇಳಲಿಲ್ಲ. ಫೋಟೋ ಬ್ಯಾಗಿನಲ್ಲಿ ಇಟ್ಟುಕೊಂಡ್ರು.”

ಶಹನಾಳ ಮೊಬೈಲು ಮೇಜಿನ ಮೇಲೆ ಗುರುಗುಟ್ಟಿತು. ಉಮ್ಮನ ಕರೆ.

ಅವಳು ಖುಷಿಯಿಂದಲೇ ಎತ್ತಿಕೊಂಡಳು. ಬ್ಯಾರಿ ಭಾಷೆಯಲ್ಲಿ ಏನೋ ಹೇಳಲು ಹೊರಟು, ನಿಲ್ಲಿಸಿ, ಕೇಳತೊಡಗಿದಳು. ಮುಖದ ನಗು ಹಾಗೇ ಇಳಿಯಿತು. ಒಂದೆರಡು ಸಲ ‘ಯಾರು? ಯಾರು?’ ಎಂದಳು. ಮೊಬೈಲನ್ನು ಎದೆಗೊತ್ತಿಕೊಂಡು ಜೈಸನ್‌ನ ಕಡೆ ನೋಡಿದಳು.

“ನಿಮ್ಮ ಅಮ್ಮ ನಮ್ಮ ಮನೆಯಲ್ಲಿದ್ದಾರೆ. ಸಿಸಿಲಿಯಮ್ಮನ ಹತ್ರ ವಿಳಾಸ ಕೇಳಿಕೊಂಡು ಬಂದರಂತೆ. ಆ ಫೋಟೋ ಉಮ್ಮನ ಕೈಯಲ್ಲಿ ಇಟ್ಟಿದ್ದಾರಂತೆ.”

“ಒಳ್ಳೇದಾಯ್ತಲ್ಲ!” ಎಂದ ಜೈಸನ್. “ಎಂತ ಹೇಳ್ತಾ ಇದ್ದಾರೆ?”

“ಎಚ್ಚರವಾಗಿ ಬಂದು ಮಗುವನ್ನು ಎತ್ತಿಕೊಂಡ ದಿನದಿಂದ ಅವರಿಗೆ ಒಂದು ಸಂಶಯ ಉಂಟಂತೆ.” ಶಹನಾ ಪರದೆಯ ಮೇಲಿನ ಎರಡು ಕೂಸುಗಳನ್ನು ನೋಡಿದಳು. “ಈ ಎರಡರಲ್ಲಿ ನಾನು ಹೆತ್ತದ್ದು ಯಾವುದು, ನಿಜ ಹೇಳು ಪಾತುಮ್ಮ ಅಂತ ಕೇಳ್ತಾ ಇದ್ದಾರಂತೆ.”

ಜೈಸನ್‌ನ ಕೈ ಕುರ್ಚಿಯ ಬೆನ್ನನ್ನು ಹುಡುಕಿ ಹಿಡಿದುಕೊಂಡಿತು.

“ಉಮ್ಮ ಎಂತ ಹೇಳಿದರು?” ಎಂದು ರಿನ್ಸಿ ಕೇಳಿದಳು.

“ಎಂತದೂ ಹೇಳಲಿಲ್ಲ ಅಕ್ಕ,” ಎಂದಳು ಶಹನಾ. “ಅಳ್ತಾ ಇದ್ದಾರೆ. ಅಣ್ಣ ಸಿನಾನನಿಗೆ ಈಗಲೇ ಊರಿಗೆ ಬರ್ಲಿಕ್ಕೆ ಹೇಳು ಅಂತಿದ್ದಾರೆ.”